ಕಾಳುಮೆಣಸು ಕಾಫಿ ಬಿಲ್ಲಿಗೆ ನುಗ್ಗದಂತೆ ಕಂಪೈಲರಿನಲ್ಲೇ ತಡೆ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳಿಗೆ ಸಿ ಪ್ಲಸ್‌ಪ್ಲಸ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವಾಗ ಸುಲಭವಾಗಿ ಕಣ್ತಪ್ಪುವ ಜಾಗ ಇದು. ಕಾಫಿ ದರ 50 ಕೆಜಿ ಮೂಟೆಗೆ, ಕಾಳುಮೆಣಸಿನ ದರ ಒಂದು ಕೆಜಿಗೆ. ಎರಡೂ ಕ್ಲಾಸ್‌ಗಳಲ್ಲಿ ತೂಕ, ದರ ಎಂಬ ಫಂಕ್ಷನ್‌ಗಳಿವೆ ಅನ್ನಿ. ಬಿಲ್ ಹಾಕುವ ಟೆಂಪ್ಲೇಟಿಗೆ (ಬೇರೆ ಬೇರೆ ಟೈಪ್‌ಗಳಿಗೆ ಒಂದೇ ಕೋಡ್ ಬಳಸುವ ಅಚ್ಚು) ಬೇಕಾದದ್ದು ಆ ಹೆಸರುಗಳಷ್ಟೇ, ಹಾಗಾಗಿ ಮೆಣಸೂ ಸಲೀಸಾಗಿ ಒಳಗೆ ಬರುತ್ತದೆ. ತೂಕವನ್ನು 50ರಿಂದ ಭಾಗಿಸಿದರೆ 100 ಕೆಜಿ ಮೆಣಸಿಗೆ ಎರಡೇ ಕೆಜಿಯ ದುಡ್ಡು! ಎರರ್ ಇಲ್ಲ, ವಾರ್ನಿಂಗೂ ಇಲ್ಲ.

ಟೆಂಪ್ಲೇಟಿನ ಮೊದಲ ಸಾಲಲ್ಲೇ ಬೇಲಿ ಹಾಕಿ. ಟಿ ಎಂದರೆ ಟೆಂಪ್ಲೇಟಿಗೆ ಬಂದ ಟೈಪ್; ಷರತ್ತು ಸುಳ್ಳಾದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ:

ಸ್ಟ್ಯಾಟಿಕ್_ಅಸರ್ಟ್(ಈಸ್_ಬೇಸ್_ಆಫ್<ಕಾಫಿ, ಟಿ>::ವ್ಯಾಲ್ಯೂ, "ಇದು ಕಾಫಿ ಅಲ್ಲ");

2011ರ ಸಿ ಪ್ಲಸ್‌ಪ್ಲಸ್‌ನಿಂದಲೇ ಇದು ಸಿಗುತ್ತದೆ. ಟೈಪ್_ಟ್ರೇಟ್ಸ್ ಹೆಡರ್ ಸೇರಿಸಬೇಕು. ಮೊದಲು ಬೇಸ್ (ಮೂಲ ಕ್ಲಾಸ್), ಆಮೇಲೆ ಡಿರೈವ್ಡ್ (ಅದರಿಂದ ಹುಟ್ಟಿದ, ಅರೇಬಿಕಾದಂಥ ಕ್ಲಾಸ್).

ಹೆಚ್ಚು ತಲೆ ತಿನ್ನುವುದು ರೆಫರೆನ್ಸ್. ಪ್ಯಾರಾಮೀಟರನ್ನು ಟಿ&& ಎಂದು ಬರೆದಿದ್ದರೆ, ಹೆಸರಿರುವ ಅರೇಬಿಕಾ ವೇರಿಯಬಲ್ ಕೊಟ್ಟಾಗ ಟಿ ಎಂದರೆ ಅರೇಬಿಕಾ ಅಲ್ಲ, ಅರೇಬಿಕಾ&. ರೆಫರೆನ್ಸಿಗೆ ಬೇಸ್ ಕ್ಲಾಸ್ ಇರುವುದಿಲ್ಲ, ಉತ್ತರ ಫಾಲ್ಸ್. ಅಚ್ಚ ಅರೇಬಿಕಾ ಕೊಟ್ಟರೂ "ಇದು ಕಾಫಿ ಅಲ್ಲ" ಎನ್ನುತ್ತದೆ. ರಿಮೂವ್_ರೆಫರೆನ್ಸ್ ಹಚ್ಚಿಯೇ ಪರೀಕ್ಷಿಸಿ.

ಇನ್ನೊಂದು ತೊಡಕು ಇದಕ್ಕೆ ತದ್ವಿರುದ್ಧ. "ಕ್ಲಾಸ್ ರೊಬಸ್ಟಾಚೆರಿ : ಕಾಫಿ" ಎಂದು ಬರೆದು ಪಬ್ಲಿಕ್ ಮರೆತರೆ ಇನ್‌ಹೆರಿಟೆನ್ಸ್ ಪ್ರೈವೇಟ್ ಆಗುತ್ತದೆ, ಆದರೂ ಈಸ್_ಬೇಸ್_ಆಫ್ ಟ್ರೂ ಅನ್ನುತ್ತದೆ. ಮುಂದೆಲ್ಲೋ ಕಾಫಿ& ಕೇಳುವ ಫಂಕ್ಷನ್ನಿಗೆ ಕೊಟ್ಟಾಗ ಎರರ್. ಟಿ* ಇಂದ ಕಾಫಿ*ಗೆ ಈಸ್_ಕನ್ವರ್ಟಿಬಲ್ ಕೂಡ ಕೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ. 2020ರ ಆವೃತ್ತಿಯ ಡಿರೈವ್ಡ್_ಫ್ರಮ್ ಎರಡನ್ನೂ ಒಟ್ಟಿಗೆ ನೋಡುತ್ತದೆ, ಆದರೆ ಅದರಲ್ಲಿ ಕ್ರಮ ಉಲ್ಟಾ: ಮೊದಲು ಡಿರೈವ್ಡ್. ಹೆಸರನ್ನೇ ಓದಿದಂತೆ ಬರೆಯಬಹುದು. ನನ್ನ ಮತ ಇದಕ್ಕೇ.

ಕಾಫಿ ಎಂಬ ಬೇಸ್ ಕ್ಲಾಸನ್ನೇ ಕೊಟ್ಟರೂ ಈಸ್_ಬೇಸ್_ಆಫ್, ಡಿರೈವ್ಡ್_ಫ್ರಮ್ ಎರಡೂ ಪಾಸ್ ಮಾಡುತ್ತವೆ. ಬೇಡವಾದರೆ ಈಸ್_ಸೇಮ್ ಅಲ್ಲ ಎಂಬ ಷರತ್ತು ಸೇರಿಸಿ. ಡಿರೈವ್ಡ್ ಕ್ಲಾಸಿನ ಹೆಸರಷ್ಟೇ ಘೋಷಿಸಿ ಮೈ ಬರೆದಿರದಿದ್ದರೆ ಪರೀಕ್ಷೆ ನಡೆಯದು. ಆ ಕ್ಲಾಸಿನ ಹೆಡರ್ ಸೇರಿಸಿದ್ದೀರಾ ನೋಡಿ.

ಗುಮಾಸ್ತರು ಪಟ್ಟಿಯಿಂದ ಸರಕು ಆರಿಸುವ ಕಡೆ ಮಾತ್ರ ಇದು ನಡೆಯುವುದಿಲ್ಲ. ಆರಿಸಿದ್ದು ಪಾರ್ಚ್‌ಮೆಂಟ್ ಕಾಫಿಯೋ ಮೆಣಸೋ ಎಂದು ತಿಳಿಯುವುದೇ ಪ್ರೋಗ್ರಾಮ್ ಓಡುವಾಗ. ಸರಕು* ಪಾಯಿಂಟರಿನಿಂದ ಕಾಫಿ*ಗೆ ಡೈನಾಮಿಕ್_ಕಾಸ್ಟ್ ಮಾಡಿ, ನಲ್ ಬಂದರೆ ಬಿಲ್ ನಿಲ್ಲಿಸಿ. ಅದಕ್ಕೆ ಸರಕು ಕ್ಲಾಸಿನಲ್ಲಿ ಒಂದಾದರೂ ವರ್ಚುಯಲ್ ಫಂಕ್ಷನ್ ಇರಬೇಕು; ಡಿಸ್ಟ್ರಕ್ಟರನ್ನು ವರ್ಚುಯಲ್ ಮಾಡಿದರೆ ಸಾಕು.