ಕೇಳಿಸಿಕೊಳ್ಳದವರ ಮುಂದೆ

ಕೆನ್ ಕೀಸಿ 1962ರಲ್ಲಿ ಬರೆದ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಕಾದಂಬರಿಯ ಕತೆ ಹೇಳುವವನು ಬ್ರಾಮ್ಡೆನ್. ಅಮೆರಿಕದ ಒರೆಗಾನ್‌ನಲ್ಲಿರುವ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ರೋಗಿ. ಅವನು ಕಿವುಡ, ಮೂಗ ಅಂತ ಎಲ್ಲರೂ ನಂಬಿದ್ದಾರೆ. ಹಾಗಾಗಿ ಸಿಬ್ಬಂದಿ ಅವನೆದುರೇ ಗುಟ್ಟಿನ ಮಾತೆಲ್ಲ ಆಡುತ್ತಾರೆ. ಅವನಿಗೆ ಎಲ್ಲವೂ ಕೇಳಿಸುತ್ತದೆ.

ಇದನ್ನು ಓದುತ್ತಾ ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಸಾಗರದ ಹತ್ತಿರ ದೊಡ್ಡಪ್ಪನ ಮನೆಯ ಜಗುಲಿಯಲ್ಲಿ ಕೂತಿದ್ದೆ. ದೊಡ್ಡಪ್ಪ ಮಾತು ಬಹಳ ಕಡಿಮೆ. ಏನೋ ಅನ್ನಿಸಿತು, ‘ಏನು ಓದ್ತಾ ಇದೀಯ’ ಅಂತ ಕೇಳಿದರು. ಆಗಷ್ಟೇ ಓದಿದ್ದನ್ನು ಹೇಳಿದೆ.

ಬ್ರಾಮ್ಡೆನ್ ಆಗ ಹತ್ತು ವರ್ಷದ ಹುಡುಗ. ಅಪ್ಪ ಕೊಲಂಬಿಯಾ ನದಿಯ ಪಕ್ಕದ ಮೂಲನಿವಾಸಿಗಳ ಮುಖ್ಯಸ್ಥ, ಅಮ್ಮ ಬಿಳಿಯಳು. ಅಣೆಕಟ್ಟಿಗಾಗಿ ಅವರ ಜಾಗ ಬೇಕಾಗಿದೆ. ಮೂರು ಜನ ಬಂದು ಮನೆ ನೋಡುತ್ತಾರೆ. ಒಳಗೆ ಎಷ್ಟು ಸೆಕೆ ಇರಬಹುದು ಅಂತ ಮಾತಾಡಿಕೊಳ್ಳುತ್ತಾರೆ. ನಮ್ಮನೆ ಪೇಟೆ ಮನೆಗಳಿಗಿಂತ ತಂಪು ಅಂತ ಹುಡುಗ ಇಂಗ್ಲಿಷಿನಲ್ಲೇ ಹೇಳುತ್ತಾನೆ. ಒಬ್ಬರೂ ತಿರುಗಿ ನೋಡುವುದಿಲ್ಲ. ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತು ಮುಂದುವರಿಯುತ್ತದೆ. ಕಿವುಡನ ಹಾಗೆ ಇರಲು ಶುರು ಮಾಡಿದ್ದು ತಾನಲ್ಲ, ಮೊದಲು ಜನವೇ ತನ್ನನ್ನು ಹಾಗೆ ನೋಡಿದರು ಅಂತ ಅವನು ದೊಡ್ಡವನಾದ ಮೇಲೆ ಹೇಳಿಕೊಳ್ಳುತ್ತಾನೆ. ಆಮೇಲೆ ಅಪ್ಪನ ಕುಡಿತ, ಯುದ್ಧ ಎಲ್ಲ ಬರುತ್ತವೆ. ನನಗಂತೂ ಅವನ ಮೌನದ ಬೇರು ಈ ಅಂಗಳದಲ್ಲೇ ಇದೆ ಅನ್ನಿಸುತ್ತದೆ. ಅಲ್ಲಿ ಯಾರೂ ಅವನಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ.

ಇದೆಲ್ಲ ಬರೀ ಕಲ್ಪನೆಯಲ್ಲ. ಅದೇ ನದಿಯ ಸೆಲೈಲೋ ಜಲಪಾತದಲ್ಲಿ ಮೂಲನಿವಾಸಿಗಳು ಸಾವಿರಾರು ವರ್ಷ ಸಾಲ್ಮನ್ ಮೀನು ಹಿಡಿದಿದ್ದರು. 1957ರಲ್ಲಿ ಅದು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿತು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಮ್ಮನೆಗೂ ಬಂದಿದ್ರು’ ಅಂದರು. ನಮ್ಮದು ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಮೊದಲು ಸರ್ವೆಯವರು ಬಂದು ಅಡಿಕೆ ಮರ ಎಣಿಸುತ್ತಿದ್ದರಂತೆ. ‘ಹಳ್ಳದ ಆಚೆಗೂ ಮರ ಇದೆ ಅಂತ ಹೇಳ್ದೆ. ಅವ್ರು ಬರ್ಕೊಳ್ತಾನೇ ಇದ್ರು. ಮತ್ತೆ ಹೇಳ್ದೆ. ದೊಡ್ಡೋರ ಮಧ್ಯೆ ಬಾಯಿ ಹಾಕ್ಬೇಡ ಅಂತ ಅಪ್ಪಯ್ಯನೇ ಗದರಿದ್ರು.’

ಇದನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ. ದೊಡ್ಡಪ್ಪ ಮಾತಾಡದಿರುವುದು ಅವರ ಸ್ವಭಾವ ಅಂತ ಎಲ್ಲರೂ ಬಿಟ್ಟುಬಿಟ್ಟಿದ್ದೆವು. ಒಂದು ಘಟನೆ ಮನುಷ್ಯನನ್ನು ಪೂರ್ತಿ ವಿವರಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ಹಳ್ಳದ ಆಚೆಯ ಆ ಮರಗಳನ್ನು ಅವರು ಇವತ್ತಿಗೂ ಮರೆತಿಲ್ಲ.

ಈ ಕಾದಂಬರಿಯನ್ನು ಆಧರಿಸಿದ 1975ರ ಸಿನಿಮಾ ಐದು ಆಸ್ಕರ್ ಗೆದ್ದಿತು. ಅದರಲ್ಲಿ ಬ್ರಾಮ್ಡೆನ್ ಇದ್ದಾನೆ, ಕತೆ ಹೇಳುವವನು ಅವನಲ್ಲ. ಅವನು ಬಾಯಿ ಬಿಟ್ಟಾಗ ನಮಗೆ ಆಶ್ಚರ್ಯವಾಗುತ್ತದೆ ಅಷ್ಟೇ. ಕಾದಂಬರಿಯಲ್ಲಿ ಮೊದಲ ಪುಟದಿಂದಲೂ ಅವನ ದನಿ ನಮ್ಮ ಕಿವಿಯಲ್ಲಿರುತ್ತದೆ. ಅವನು ಯಾಕೆ ಮಾತು ಬಿಟ್ಟ ಅಂತಲೂ ಗೊತ್ತಿರುತ್ತದೆ. ಅದಕ್ಕೇ ನನಗೆ ಪುಸ್ತಕವೇ ಜಾಸ್ತಿ ಇಷ್ಟ.

‘ಆ ಹುಡುಗ ಆಮೇಲೆ ಮಾತಾಡಿದ್ನಾ?’ ದೊಡ್ಡಪ್ಪ ಕೇಳಿದರು.

‘ಹೂಂ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವನು ಚ್ಯೂಯಿಂಗ್ ಗಮ್ ಕೊಟ್ಟ. ಇವನು ಥ್ಯಾಂಕ್ಯೂ ಅಂದ.’

‘ಅವ್ನಿಗೆ ಕೇಳಿಸ್ತಾ?’

‘ಕೇಳಿಸ್ತು ದೊಡ್ಡಪ್ಪ.’

‘ಹಾಗಾದ್ರೆ ಮುಂದೆ ಹೇಳು’ ಅಂದರು.