ಏಜೆಂಟ್‌ಗೆ ನಿಮ್ಮ ಕೊನೆ ರೇಟ್ ಹೇಳ್ಬೇಡಿ

ನನ್ನ ತಂಗಿ ಮನೆ ಹುಡುಕೋಕೆ ಶುರು ಮಾಡಿ ಎರಡು ತಿಂಗಳಾಯ್ತು. ಮೊನ್ನೆ ರಾತ್ರಿ ಫೋನ್ ಮಾಡಿ "ಅಕ್ಕಾ, ಏಜೆಂಟ್ ತುಂಬಾ ಒಳ್ಳೆಯವ್ರು ಕಣೇ, ಕೈಯಲ್ಲಿ ಎಷ್ಟಿದೆ, ಲೋನ್ ಎಷ್ಟು ಸಿಗತ್ತೆ, ತೀರಾ ಇಷ್ಟ ಆದ್ರೆ ಎಲ್ಲಿವರೆಗೂ ಹೋಗ್ತೀರಾ ಅಂತ ಎಲ್ಲಾ ಕೂತು ಕೇಳಿ ಬರ್ಕೊಂಡ್ರು" ಅಂದ್ಲು. ಎಲ್ಲಾ ಹೇಳ್ಬಿಟ್ಯಾ ಅಂತ ಕೇಳ್ದೆ. ಹೂಂ ಅಂದ್ಲು. ಆಮೇಲೆ ಅವ್ರು ತೋರಿಸಿದ ನಾಲ್ಕೂ ಮನೆ ಆ "ತೀರಾ ಇಷ್ಟ ಆದ್ರೆ" ರೇಟಿಂದೇ, ಅದಕ್ಕಿಂತ ಕಮ್ಮಿದು ಒಂದೂ ಇಲ್ಲ. ಅವತ್ತು ಒಂದೂವರೆ ಗಂಟೆ ಫೋನಲ್ಲಿ ಮಾತಾಡಿದ್ವಿ, ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಇನ್ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ.

ಏಜೆಂಟ್‌ಗಳೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ನಾವು ಒಂದೇ ವರ್ಷದಲ್ಲಿ ಅಪ್ಪನ ಹಳೇ ಮನೆ ಮಾರಿ ನಮಗೊಂದು ಮನೆ ತಗೊಂಡವ್ರು, ಎರಡೂ ಏಜೆಂಟ್ ಮೂಲಕಾನೇ ಆಗಿದ್ದು, ಅದ್ರಲ್ಲಿ ಒಬ್ರ ಋಣ ನಾನು ಮರೆಯೋ ಹಾಗೇ ಇಲ್ಲ. ಆದ್ರೆ ಅವ್ರ ದುಡ್ಡು ಎಲ್ಲಿಂದ ಬರತ್ತೆ, ಯಾವಾಗ ಬರತ್ತೆ ಅನ್ನೋದು ತಿಳ್ಕೊಳ್ದೇ ಅವ್ರ ಜೊತೆ ವ್ಯವಹಾರ ಮಾಡಬಾರ್ದು. ಸಾಮಾನ್ಯವಾಗಿ ಏಜೆಂಟ್‌ಗೆ ದುಡ್ಡು ಸಿಗೋದು ವ್ಯವಹಾರ ಮುಗಿದಾಗ ಮಾತ್ರ. ನಿಮಗೆ ಒಳ್ಳೇ ಬೆಲೆ ಬಂತಾ, ಒಳ್ಳೇ ಮನೆ ಸಿಕ್ತಾ ಅನ್ನೋದರ ಮೇಲಲ್ಲ.

ಲೆಕ್ಕ ನೋಡಿ. ಮನೆ ಬೆಲೆ 100 ಅಂತ ಇಟ್ಕೊಳ್ಳಿ, ಕಮಿಷನ್ 2 ಪರ್ಸೆಂಟ್. ಇವತ್ತೇ 100ಕ್ಕೆ ಕೊಟ್ರೆ ಏಜೆಂಟ್‌ಗೆ 2. ಇನ್ನೊಂದು ತಿಂಗಳು ಕಾದು, ಇನ್ನಷ್ಟು ಜನಕ್ಕೆ ತೋರಿಸಿ, ಚೌಕಾಸಿ ಮಾಡಿ 105ಕ್ಕೆ ಮಾರಿದ್ರೆ ನಿಮಗೆ ಹೆಚ್ಚಿಗೆ ಬರೋದು 4.9, ಅವ್ರಿಗೆ ಬರೋದು ಬರೀ 0.1. ಆ 0.1ಗೋಸ್ಕರ ಯಾರು ತಾನೇ ಒಂದು ತಿಂಗಳು ಓಡಾಡ್ತಾರೆ ಹೇಳಿ? "ಸಾರ್ ಬಂದಿರೋದು ಒಳ್ಳೇ ಆಫರ್, ಬಿಡಬೇಡಿ" ಅಂತಾರೆ, ಅವ್ರ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ನೇನೋ.

ಇದು ಬರೀ ನನ್ನ ಊಹೆ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಶಿಕಾಗೋ ಸುತ್ತಮುತ್ತ ಮಾರಾಟ ಆಗಿದ್ದ ಸುಮಾರು 1 ಲಕ್ಷ ಮನೆಗಳ ವಿವರ ತಗೊಂಡು ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದ್ರು. ಏಜೆಂಟ್‌ಗಳು ತಮ್ಮ ಸ್ವಂತ ಮನೆ ಮಾರೋವಾಗ ಗಿರಾಕಿಗಳ ಅಂಥದ್ದೇ ಮನೆಗಿಂತ ಸುಮಾರು 3.7 ಪರ್ಸೆಂಟ್ ಜಾಸ್ತಿ ಬೆಲೆ ತಗೊಂಡಿದ್ರು, ಸರಾಸರಿ ಒಂಬತ್ತೂವರೆ ದಿನ ಜಾಸ್ತಿ ಕಾದಿದ್ರು. ಅಂದ್ರೆ ಕಾಯೋದು ಹೇಗೆ ಅಂತ ಅವ್ರಿಗೆ ಚೆನ್ನಾಗೇ ಗೊತ್ತು, ನಿಮಗೋಸ್ಕರ ಕಾಯೋಕೆ ಅವ್ರಿಗೆ ಕಾರಣ ಇರಲ್ಲ ಅಷ್ಟೇ. ಆ ಕಾರಣ ನೀವು ಕೊಡಬಹುದು. ಅಪ್ಪನ ಮನೆ ಮಾರೋವಾಗ ಎರಡನೇ ಏಜೆಂಟ್ ಜೊತೆ ನಾವು ಮಾಡ್ಕೊಂಡಿದ್ದು ಅದೇ, ಇಷ್ಟು ಬೆಲೆವರೆಗೂ ಮಾಮೂಲಿ ಕಮಿಷನ್, ಅದರ ಮೇಲೆ ಬಂದಿದ್ದರಲ್ಲಿ ದೊಡ್ಡ ಪಾಲು ಅವ್ರಿಗೆ ಅಂತ. ಅವ್ರು ಒಪ್ಕೊಂಡ್ರು, ಮತ್ತೆ ಆ ಮೇಲಿನ ಪಾಲಿಗೋಸ್ಕರ ನಿಜವಾಗ್ಲೂ ಕಷ್ಟಪಟ್ರು.

ಎರಡನೇ ಏಜೆಂಟ್ ಅಂದ್ನಲ್ಲ, ಮೊದಲನೆಯವ್ರ ಕಥೆನೂ ಹೇಳ್ತೀನಿ. ಮೂರು ಜನರನ್ನ ಕರೆಸಿ ಮನೆ ತೋರಿಸಿದ್ವಿ. ಇಬ್ರು ಹೆಚ್ಚುಕಮ್ಮಿ ಒಂದೇ ರೇಟ್ ಹೇಳಿದ್ರು, ಮೂರನೆಯವ್ರು ಅದಕ್ಕಿಂತ ಐದನೇ ಒಂದು ಭಾಗ ಜಾಸ್ತಿ ಹೇಳಿದ್ರು, ಅಪ್ಪನ ಮುಖ ಅರಳಿದ್ದು ನನಗೆ ಈಗಲೂ ಕಣ್ಮುಂದಿದೆ, ಅವ್ರಿಗೇ ಕೊಟ್ವಿ, ನಮ್ಮ ಮೊದಲನೇ ಏಜೆಂಟ್ ಅವ್ರೇ. ಮೊದಲ ಮೂರು ವಾರ ದಿನಾ ಫೋನು, ಆಮೇಲೆ ವಾರಕ್ಕೊಂದು, ಆಮೇಲೆ "ಮಾರ್ಕೆಟ್ ಡಲ್ ಇದೆ, ಸ್ವಲ್ಪ ಇಳಿಸೋಣ" ಅಂತ ಶುರು ಆಯ್ತು. ಒಂದ್ಸಲ ಇಳಿಸಿದ್ವಿ, ಇನ್ನೊಂದ್ಸಲ ಇಳಿಸಿದ್ವಿ, ಕೊನೆಗೆ ಆ ಇಬ್ರು ಹೇಳಿದ್ದಕ್ಕಿಂತಲೂ ಕೆಳಗೆ ಬಂದು ನಿಂತ್ವಿ. ಅಷ್ಟು ಹೊತ್ತಿಗೆ ನೋಡೋಕೆ ಬರೋರೆಲ್ಲ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, "ಇಷ್ಟು ತಿಂಗಳಾದ್ರೂ ಯಾಕೆ ಹೋಗಿಲ್ಲ, ಏನಾದ್ರೂ ತೊಂದ್ರೆ ಇದ್ಯಾ?" ಜಾಸ್ತಿ ರೇಟ್ ಹೇಳಿದ್ದು ನಮ್ಮ ಮನೆಗೆ ಅಷ್ಟು ಬೆಲೆ ಇದೆ ಅಂತಲ್ಲ, ನಮ್ಮ ಮನೆ ಅವ್ರ ಕೈಗೆ ಬರ್ಲಿ ಅಂತ.

ಅದಕ್ಕೇ ಯಾರೇ ರೇಟ್ ಹೇಳಿದ್ರೂ ಕೇಳ್ಬೇಕಾದ ಪ್ರಶ್ನೆ ಒಂದೇ, ಇದೇ ಏರಿಯಾದಲ್ಲಿ ಇದೇ ಸೈಜಿನ ಮನೆ ಈಚೆಗೆ ಎಷ್ಟಕ್ಕೆ ಹೋಯ್ತು? ಕೇಳ್ತಿರೋ ಬೆಲೆ ಬೇಡ, ಹೋದ ಬೆಲೆ. ಜಾಹೀರಾತಲ್ಲಿ ಇರೋದೆಲ್ಲ ಮಾಲೀಕರ ಆಸೆ, ವ್ಯವಹಾರ ಕೂತ ಬೆಲೆ ಬೇರೆ. ಒಂದ್ಸಲ ಒಂದು ಸಂಖ್ಯೆ ಕಿವಿಗೆ ಬಿದ್ರೆ ಅದು ತಲೇಲಿ ಹೇಗೆ ಕೂತ್ಬಿಡತ್ತೆ ಅನ್ನೋದಕ್ಕೆ 1987ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಅಮೆರಿಕದ ಟೂಸಾನ್ ಊರಲ್ಲಿ ಮಾಡಿದ್ದು. ಒಂದೇ ಮನೆಯನ್ನ ಬೇರೆ ಬೇರೆ ಏಜೆಂಟ್‌ಗಳಿಗೆ ತೋರಿಸಿ, ಒಂದೇ ತರದ ಕಾಗದಗಳನ್ನ ಕೊಟ್ಟು, ಮಾಲೀಕರು ಕೇಳ್ತಿರೋ ಬೆಲೆ ಮಾತ್ರ ಬದಲಾಯಿಸಿದ್ರು. ಜಾಸ್ತಿ ಬೆಲೆ ನೋಡಿದವ್ರು ಮನೆಗೆ ಜಾಸ್ತಿ ಬೆಲೆ ಕಟ್ಟಿದ್ರು, ಕಮ್ಮಿ ನೋಡಿದವ್ರು ಕಮ್ಮಿ ಕಟ್ಟಿದ್ರು, ಆದ್ರೆ ಅದರಿಂದ ನಾವು ಹಾಗೆ ಹೇಳಿದ್ವಿ ಅಂತ ಒಪ್ಕೊಂಡವ್ರು ತೀರಾ ಕಮ್ಮಿ. ದಿನಾ ಇದೇ ಕೆಲಸ ಮಾಡೋರ ಕಥೆನೇ ಹೀಗಿದ್ರೆ ಜೀವನದಲ್ಲಿ ಒಂದ್ಸಲ ಮನೆ ತಗೊಳ್ಳೋ ನಾವು ಎಷ್ಟರವರು? ತಂಗಿಗೆ ಹೇಳ್ದೆ, ಮನೆ ನೋಡೋಕೆ ಹೋಗೋ ಮುಂಚೆನೇ ಅದಕ್ಕೆ ನೀನೆಷ್ಟು ಕೊಡಬಹುದು ಅಂತ ಒಂದು ಚೀಟೀಲಿ ಬರ್ದು ಬ್ಯಾಗಲ್ಲಿ ಇಟ್ಕೋ, ಏಜೆಂಟ್ ರೇಟ್ ಹೇಳಿದ್ಮೇಲೆ ಮನೆಗೆ ಬಂದು ಅದನ್ನ ತೆಗೆದು ನೋಡು.

ಇನ್ನು ಒಪ್ಪಂದ. ಬಾಯಿ ಮಾತಲ್ಲಿ ಮುಗಿಸ್ಬೇಡಿ, ಎಷ್ಟೇ ಪರಿಚಯ ಇದ್ರೂ ಸರಿ. ನಿಮ್ಮ ಮನೆ ಮಾರೋ ಹಕ್ಕು ಅವ್ರೊಬ್ಬರಿಗೇನಾ ಅಥವಾ ಬೇರೆ ಏಜೆಂಟ್‌ಗೂ ಕೊಡಬಹುದಾ, ಎಷ್ಟು ತಿಂಗಳು, ಮಧ್ಯದಲ್ಲಿ ಬಿಡ್ಬೇಕು ಅಂದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು, ಕಮಿಷನ್ ಯಾವ ಬೆಲೆ ಮೇಲೆ ಯಾವತ್ತು ಕೊಡ್ಬೇಕು, ಟ್ಯಾಕ್ಸ್ ಅದ್ರಲ್ಲೇ ಸೇರಿದ್ಯಾ ಅಥವಾ ಮೇಲಿಂದಾ, ಫೋಟೋ ಜಾಹೀರಾತಿನ ಖರ್ಚು ಯಾರ್ದು, ನೀವೇ ನಿಮ್ಮ ನೆಂಟರಿಗೆ ಮಾರಿದ್ರೂ ಕಮಿಷನ್ ಕೊಡ್ಬೇಕಾ, ಇದಿಷ್ಟು ಬರಹದಲ್ಲಿ ಇರ್ಲೇಬೇಕು. ಜನ ಓದದೇ ಸಹಿ ಹಾಕೋ ಜಾಗ ಇನ್ನೊಂದಿದೆ. ಒಪ್ಪಂದ ಮುಗಿದ್ಮೇಲೂ ಇಷ್ಟು ತಿಂಗಳೊಳಗೆ ಅವ್ರು ಕರ್ಕೊಂಡು ಬಂದಿದ್ದ ಪಾರ್ಟಿಗೇ ಮನೆ ಹೋದ್ರೆ ಕಮಿಷನ್ ಅವ್ರಿಗೇ ಸೇರ್ಬೇಕು ಅಂತ ಒಂದು ಸಾಲು ಇರತ್ತೆ. ಇದು ನ್ಯಾಯವಾದದ್ದೇ, ಅವ್ರ ಶ್ರಮ ಯಾಕೆ ಹಾಳಾಗ್ಬೇಕು, ಆದ್ರೆ ಅವ್ರು ಯಾರ್ಯಾರನ್ನ ಕರ್ಕೊಂಡು ಬಂದ್ರು ಅನ್ನೋ ಪಟ್ಟಿ ತಾರೀಖಿನ ಸಮೇತ ಬರಹದಲ್ಲಿ ತಗೊಳ್ಳಿ. ಇಲ್ಲಾಂದ್ರೆ ಆಮೇಲೆ ಎರಡನೇ ಏಜೆಂಟ್‌ಗೂ ಕೊಟ್ಟು ಮೊದಲನೆಯವ್ರಿಗೂ ಕೊಡೋ ಪರಿಸ್ಥಿತಿ ಬರತ್ತೆ.

ತಗೊಳ್ಳೋರಿಗೂ ಇದೇ ತೊಂದ್ರೆ ಇನ್ನೊಂದು ರೂಪದಲ್ಲಿ ಬರತ್ತೆ. ಒಂದೇ ಮನೆನ ಇಬ್ರು ಏಜೆಂಟ್ ತೋರಿಸ್ತಾರೆ, ವ್ಯವಹಾರ ಆದ್ಮೇಲೆ ಇಬ್ರೂ ನಾನೇ ತೋರಿಸಿದ್ದು ಅಂತ ಬರ್ತಾರೆ. ಹಾಗಾಗಿ ನೋಡಿದ ಪ್ರತಿ ಮನೆಗೂ ಅವತ್ತೇ ಒಂದು ಮೆಸೇಜ್ ಹಾಕಿ, "ಇವತ್ತು ಈ ಮನೆ ತೋರಿಸಿದ್ದಕ್ಕೆ ಥ್ಯಾಂಕ್ಸ್" ಅಂತ, ಅಷ್ಟೇ ಸಾಕು ದಾಖಲೆಗೆ. ಅಡ್ರೆಸ್ ಕೇಳಿದ ತಕ್ಷಣ ಇದು ನೋಡಿರೋ ಮನೆ ಅಂತ ಗೊತ್ತಾದ್ರೆ ಅಲ್ಲೇ ಹೇಳ್ಬಿಡಿ. ಮತ್ತೆ ಮೊದಲ ಭೇಟೀಲೇ ನೇರವಾಗಿ ಕೇಳಿ, ನಿಮಗೆ ಕಮಿಷನ್ ಕೊಡೋದು ಯಾರು, ಮಾರೋರಾ, ನಾನಾ, ಇಬ್ರೂನಾ? ಎರಡೂ ಕಡೆ ತಗೊಳ್ಳೋ ಏಜೆಂಟ್ ನಿಮ್ಮ ಪರವಾಗಿ ಚೌಕಾಸಿ ಮಾಡ್ತಾರೆ ಅಂತ ನಂಬ್ಕೋಬೇಡಿ, ಅದು ಆಗದ ಮಾತು. ಅವ್ರು ಮನೆ ತೋರಿಸ್ಲಿ, ಕಾಗದ ಓಡಾಡಿಸ್ಲಿ, ರೇಟಿನ ಮಾತು ನೀವೇ ಆಡಿ.

ಮನೆ ನೋಡೋದು ಹೇಗೆ ಅಂತ ತಂಗಿ ಕೇಳಿದ್ಲು. ನಾವು ತಗೊಳ್ಳದೇ ಬಿಟ್ಟ ಒಂದು ಮನೆ ಕಥೆ ಹೇಳ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಕರ್ಕೊಂಡು ಹೋದ್ರು, ಹೊರಗೆ ಕಣ್ಣು ಬಿಡೋಕಾಗದ ಬಿಸಿಲು, ಒಳಗೆ ಅಷ್ಟೂ ಲೈಟ್ ಹಾಕಿಟ್ಟಿದ್ರು. ನಾನು ಒಂದೊಂದಾಗಿ ಆರಿಸ್ತಾ ಹೋದೆ, ಹಿಂದಿನ ರೂಮಲ್ಲಿ ಪೂರ್ತಿ ಕತ್ತಲೆ. ಅದೇ ರೂಮಿನ ಒಂದು ಗೋಡೆಗೆ ಮಾತ್ರ ಹೊಸ ಪೇಂಟ್, ಅದೂ ಸೊಂಟದ ಎತ್ತರದವರೆಗೂ ಬಣ್ಣ ಸ್ವಲ್ಪ ಬೇರೆ. ಅಲ್ಲಿದ್ದ ಕಪಾಟನ್ನ ಸ್ವಲ್ಪ ಜರುಗಿಸಿ ಅಂದ್ರೆ ಏಜೆಂಟ್ "ಭಾರ ಇದೆ ಮೇಡಂ" ಅಂದ್ರು. ಪರವಾಗಿಲ್ಲ ಅಂತ ನನ್ನ ಯಜಮಾನ್ರೇ ಜರುಗಿಸಿದ್ರು. ಹಿಂದೆ ಗೋಡೆ ಮುಟ್ಟಿದ್ರೆ ತಣ್ಣಗೆ, ಉಗುರಲ್ಲಿ ಕೆರೆದ್ರೆ ಪುಡಿ ಪುಡಿ ಉದುರ್ತು, ಬೆರಳು ಮೂಸಿದ್ರೆ ಮುಗ್ಗಲು ವಾಸನೆ. ಪಕ್ಕದ ಬಾತ್‌ರೂಮಿನ ಪೈಪ್ ಗೋಡೆ ಒಳಗೇ ಸೋರ್ತಿತ್ತು.

ಅವತ್ತಿಂದ ನಾನು ಪ್ರತಿ ಮನೇಲೂ ಲೈಟ್ ಆರಿಸ್ತೀನಿ, ಎಲ್ಲಾ ನಲ್ಲಿ ಒಟ್ಟಿಗೇ ತಿರುಗಿಸ್ತೀನಿ, ಸಿಂಕಲ್ಲಿ ನೀರು ತುಂಬಿಸಿ ಬಿಟ್ಟು ಎಷ್ಟು ಬೇಗ ಇಳಿಯತ್ತೆ ನೋಡ್ತೀನಿ, ಬಾಗಿಲು ಕಿಟಕಿ ಎಲ್ಲಾ ತೆಗೆದು ಹಾಕ್ತೀನಿ, ಟೇಪ್ ಹಿಡಿದು ರೂಮ್ ಅಳೀತೀನಿ. ಹೇಳಿದ ಅಳತೆಗೂ ಗೋಡೆಯಿಂದ ಗೋಡೆಗೆ ನಿಜವಾಗ್ಲೂ ಇರೋ ಜಾಗಕ್ಕೂ ಎಷ್ಟು ವ್ಯತ್ಯಾಸ ಇರಬಹುದು ಅಂತ ಅಳೆದ್ರೇನೇ ಗೊತ್ತಾಗೋದು. ಇಷ್ಟ ಆದ್ರೆ ಎರಡನೇ ಸಲ ಬೇರೆ ಹೊತ್ತಲ್ಲಿ ಹೋಗಿ, ರಾತ್ರಿ ಹೊತ್ತು ಸಿಕ್ರೆ ಇನ್ನೂ ಒಳ್ಳೇದು, ಮಳೆ ಬಂದ ಮಾರನೇ ದಿನ ಆದ್ರೆ ಅದಕ್ಕಿಂತ ಒಳ್ಳೇದು. ಏಜೆಂಟ್ ಇಲ್ದೇ ಅಕ್ಕಪಕ್ಕದವ್ರನ್ನ ಮಾತಾಡಿಸಿ, ನೀರು ಹೇಗೆ, ಗಲಾಟೆ ಇದ್ಯಾ, ಇವ್ರು ಯಾಕೆ ಮಾರ್ತಿದಾರೆ. ಎಷ್ಟೋ ಸಲ ಅವ್ರೇ ಎಲ್ಲಾ ಹೇಳ್ಬಿಡ್ತಾರೆ.

"ಇನ್ನೊಂದು ಪಾರ್ಟಿ ಸಂಜೆ ಟೋಕನ್ ಕೊಡ್ತಿದಾರೆ" ಅನ್ನೋ ಮಾತು ನೀವು ಕೇಳ್ದೇ ಇರಲ್ಲ. ಕೆಲವು ಸಲ ನಿಜಾನೂ ಇರತ್ತೆ. ನಿಜ ಇರ್ಲಿ ಸುಳ್ಳಿರ್ಲಿ ನಿಮ್ಮ ಉತ್ತರ ಬದಲಾಗ್ಬೇಕಾಗಿಲ್ಲ, ಕಾಗದ ನೋಡದೇ ದುಡ್ಡು ಕೊಡಲ್ಲ, ಅಷ್ಟೇ. ನಮಗೂ ಹಾಗೇ ಒಂದು ಮನೆ ಕೈ ತಪ್ಪಿತು, ಒಂದು ವಾರ ಊಟ ಸೇರ್ಲಿಲ್ಲ, ಆಮೇಲೆ ಸಿಕ್ಕಿದ್ದೇ ಈಗ ಇರೋ ಮನೆ.

ಟೋಕನ್ ಅಥವಾ ಅಡ್ವಾನ್ಸ್ ಕೊಡೋವಾಗ ಏಜೆಂಟ್ ಕೈಗೆ ಕ್ಯಾಶ್ ಕೊಡಬೇಡಿ, ದಯವಿಟ್ಟು. ಮಾಲೀಕರ ಹೆಸರಿಗೆ ಬ್ಯಾಂಕ್ ಮೂಲಕ ಹೋಗ್ಲಿ, ರಸೀದಿ ಇರ್ಲಿ, ಮತ್ತೆ ಯಾವ್ಯಾವ ಸಂದರ್ಭದಲ್ಲಿ ಆ ದುಡ್ಡು ವಾಪಸ್ ಬರ್ಬೇಕು ಅನ್ನೋದು ಬರಹದಲ್ಲಿ ಇರ್ಲಿ: ಲೋನ್ ಸಿಗಲಿಲ್ಲ ಅಂದ್ರೆ, ಕಾಗದದಲ್ಲಿ ತೊಡಕು ಬಂದ್ರೆ, ಮಾಲೀಕರೇ ಹಿಂದೆ ಸರಿದ್ರೆ. ವಕೀಲರನ್ನ ನೀವೇ ಹುಡ್ಕಿ. ಏಜೆಂಟ್ ಹೇಳಿದ ವಕೀಲರು ಕೆಟ್ಟವ್ರು ಅಂತಲ್ಲ, ಆದ್ರೆ ಅವ್ರಿಗೆ ಕೆಲಸ ಬರ್ತಿರೋದು ಏಜೆಂಟ್ ಕಡೆಯಿಂದ, ವ್ಯವಹಾರ ಕೆಡಿಸೋ ಮಾತು ಅವ್ರ ಬಾಯಲ್ಲಿ ಅಷ್ಟು ಸುಲಭಕ್ಕೆ ಬರಲ್ಲ. ಮನೆ ಗಟ್ಟಿ ಇದ್ಯಾ ಅಂತ ನೋಡೋ ಇಂಜಿನಿಯರ್ ವಿಷ್ಯಕ್ಕೂ ಇದೇ ಮಾತು. ಬ್ಯಾಂಕಿನವ್ರೇ ಬಂದು ನೋಡಿದಾರಲ್ಲ ಸಾಕು ಅನ್ಕೋಬೇಡಿ, ಅವ್ರು ನೋಡೋದು ತಾವು ಕೊಡೋ ಸಾಲಕ್ಕೆ ಆ ಆಸ್ತಿ ಸಾಲತ್ತಾ ಅಂತ, ನಿಮ್ಮ ಬಾತ್‌ರೂಮ್ ಸೋರತ್ತಾ ಅಂತಲ್ಲ.

ಒಂದು ಮಾರಿ ಇನ್ನೊಂದು ತಗೊಳ್ಳೋರು ಮೊದಲು ಮಾರಿ, ಆಮೇಲೆ ತಗೊಳ್ಳಿ. ನಡುವೆ ಸ್ವಲ್ಪ ದಿನ ಬಾಡಿಗೆ ಮನೇಲಿ ಇರ್ಬೇಕಾಗತ್ತೆ, ಸಾಮಾನು ಎರಡು ಸಲ ಸಾಗಿಸ್ಬೇಕು, ಬೇಜಾರೇ. ಆದ್ರೆ ಹೊಸ ಮನೆಗೆ ಅಡ್ವಾನ್ಸ್ ಕೊಟ್ಟು ತಾರೀಖು ಹತ್ರ ಬರ್ತಿರೋವಾಗ ಹಳೇ ಮನೆ ಹೋಗ್ದೇ ಇದ್ರೆ ಸಿಕ್ಕ ರೇಟಿಗೆ ಕೊಡಬೇಕಾಗತ್ತೆ, ಎದುರು ಪಾರ್ಟಿಗೆ ಆ ವಾಸನೆ ಬೇಗ ಬಡಿಯತ್ತೆ. ಒಂದೇ ಏಜೆಂಟ್ ಎರಡೂ ಮಾಡ್ಸಿಕೊಡ್ತೀನಿ ಅಂದ್ರೆ ನಾನಂತೂ ಬೇಡ ಅಂತೀನಿ. ನಿಮ್ಮ ಅರ್ಜೆಂಟ್ ಎಷ್ಟಿದೆ ಅಂತ ಪೂರ್ತಿ ಗೊತ್ತಿರೋ ವ್ಯಕ್ತಿ ಅವ್ರು.

ಒಳ್ಳೇ ಏಜೆಂಟ್ ಹೇಗಿರ್ತಾರೆ ಅಂತಾನೂ ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ ಆಗತ್ತೆ. ಅಪ್ಪನ ಮನೆ ಮಾರಿಕೊಟ್ಟ ಆ ಎರಡನೆಯವ್ರು ಮೊದಲ ದಿನವೇ "ಈ ರೇಟಿಗೆ ಹೋಗಲ್ಲ ಸಾರ್" ಅಂತ ಅಪ್ಪನ ಮುಖಕ್ಕೇ ಹೇಳಿದ್ರು, ಯಾಕೆ ಅಂತ ಮೂರು ಮನೆಗಳ ಲೆಕ್ಕ ತೋರಿಸಿದ್ರು. ನೋಡೋಕೆ ಬಂದವ್ರು ಬೇಡ ಅಂದ್ರೆ ಯಾಕೆ ಬೇಡ ಅಂದ್ರು ಅಂತ ಅವತ್ತೇ ಫೋನ್ ಮಾಡಿ ಹೇಳೋರು. ಮೆಟ್ಟಿಲ ಪಕ್ಕದ ಕಂಬಿ ಅಲ್ಲಾಡ್ತಿದೆ ಅಂತ ಇಬ್ರು ಹೇಳಿದ್ರು ಅಂತ ಗೊತ್ತಾದ ಮೇಲೆ ಅದನ್ನ ಸರಿ ಮಾಡ್ಸಿದ್ವಿ. ಸಹಿ ಆದ್ಮೇಲೂ ಕೈ ಬಿಡ್ಲಿಲ್ಲ, ಬೀಗದ ಕೈ ಕೊಡೋ ದಿನ ತಾವೇ ಬಂದು ಕರೆಂಟ್ ಮೀಟರಿನ ಫೋಟೋ ತೆಗ್ಸಿ, ಕೀಲಿಗಳನ್ನ ಎಣಿಸಿ ಬರ್ಸಿ, ಇಬ್ಬರ ಕೈಲೂ ಸಹಿ ಹಾಕ್ಸಿದ್ರು. ಅವ್ರಿಗೂ ನಮ್ಮ ಕೊನೆ ರೇಟ್ ನಾವು ಹೇಳಿರ್ಲಿಲ್ಲ, ಅವ್ರೂ ಕೇಳ್ಲಿಲ್ಲ.

ತಂಗಿ ಈಗ ಬೇರೆ ಏಜೆಂಟ್ ಹತ್ರ ಹೋಗಿದಾಳೆ, ಬಜೆಟ್ ಕೇಳಿದ್ರೆ ಮೊದಲು ಹೇಳಿದ್ದಕ್ಕಿಂತ ಸುಮಾರು ಕಮ್ಮಿ ಹೇಳಿದಾಳೆ, ಮೂರು ಮನೆ ನೋಡಿ ಒಂದನ್ನ ಇಷ್ಟಪಟ್ಟಿದಾಳೆ. ಭಾನುವಾರ ಸಂಜೆ ಎರಡನೇ ಸಲ ನೋಡೋಕೆ ಹೋಗ್ತಾಳಂತೆ. ಟೇಪ್ ನಂದೇ ತಗೊಂಡು ಹೋಗಿದಾಳೆ.