ಸುಮ್ನೆ ಯೂಟ್ಯೂಬಿಗೆ ಹಾಕಬಾರದಾ?

ಪ್ರಶ್ನೆ ಇದು: "ಅಷ್ಟೆಲ್ಲ ಖರ್ಚು ಮಾಡಿ ಪ್ಲೇಟು ಯಾಕೆ ಮಾಡಿಸಿದ್ರಿ? ಸುಮ್ನೆ ಯೂಟ್ಯೂಬಿಗೆ ಹಾಕಬಾರದಾ?"

ನಾನೂ ಇಬ್ಬರು ಗೆಳೆಯರೂ ಸೇರಿ 1930ರ ದಶಕದ ಕಂಪನಿ ನಾಟಕದ 12 ಹಾಡುಗಳನ್ನು ಹಳೇ ಗ್ರಾಮಫೋನ್ ಪ್ಲೇಟುಗಳಿಂದ ಎತ್ತಿ, ಹತ್ತಾರು ಹಾಡು ಹಿಡಿಯುವ ದೊಡ್ಡ ಪ್ಲೇಟು, ಅಂದರೆ ಒಂದು ಎಲ್‌ಪಿ ಮಾಡಿಸಿದೆವು. 300 ಪ್ರತಿ, ಬೆಲೆ 2,200 ರೂಪಾಯಿ. ಅವತ್ತಿನಿಂದ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೊನೇ ಸಲ ಕೇಳಿದ್ದು ನನ್ನ ಚಿಕ್ಕಪ್ಪ. ಮದುವೆಮನೆ, ಊಟದ ಪಂಕ್ತಿ, ಎಲೆ ಮೇಲೆ ಆಗಷ್ಟೇ ಸಾರು ಬಿದ್ದಿತ್ತು. "ಏನೋ, ಪ್ಲೇಟು ಎರಡು ಸಾವಿರಕ್ಕೆ ಮಾರ್ತಿದ್ದೀಯಂತೆ? ಊಟ ಸೇರ್ಸಿನಾ?" ಸಾಲಿಗೆ ಸಾಲೇ ನಕ್ಕಿತು. ಬಡಿಸುವವನೂ ನಕ್ಕ. ಆಮೇಲೆ ಬಂತು ಆ "ಸುಮ್ನೆ".

ಆ ಪದ ಕೇಳಿದರೆ ಮೈ ಉರಿಯುತ್ತದೆ. ಹಳೇ ಪ್ಲೇಟು ಅರಗಿನದ್ದು, ಕೈ ಜಾರಿದರೆ ಹಪ್ಪಳ. ಅದರ ಗೆರೆ ಅಗಲ. ಎಲ್‌ಪಿಯ ಸಣ್ಣ ಮುಳ್ಳು ಇಟ್ಟರೆ ತಳಕ್ಕಿಳಿದು ಗರಗರ ಅನ್ನುತ್ತದೆ, ಬೇರೆ ಮುಳ್ಳು ತರಿಸಬೇಕು. ನಿಮಿಷಕ್ಕೆ 78 ಸುತ್ತು ಅಂತ ಹೆಸರೇ ಹೊರತು ಎಲ್ಲವನ್ನೂ ಅದೇ ವೇಗದಲ್ಲಿ ಮುದ್ರಿಸಿರುವುದಿಲ್ಲ. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ದ್ರೌಪದಿ ಎಳೆಮಗುವಿನ ಹಾಗೆ ಕಿರುಚುತ್ತಾಳೆ. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಸರಿ ಮಾಡಿದೆವು. ಇದೆಲ್ಲ ಆದ ಮೇಲೆ ಯೂಟ್ಯೂಬಿಗೆ ಹಾಕುವುದು ಐದು ನಿಮಿಷದ ಕೆಲಸ. ಹಾಕಿದ್ದೇವೆ ಕೂಡ! ಅಲ್ಲಿ ಹೋಗಿ ಕೇಳುವವರಿಗಿಂತ ಇಲ್ಲಿ ಬಂದು ಕೇಳುವವರೇ ಜಾಸ್ತಿ.

ಈಗ ದುಡ್ಡಿನ ಮಾತು. ಸ್ಟ್ರೀಮಿಂಗಿನಲ್ಲಿ ಒಂದು ಹಾಡು ಒಂದು ಸಲ ಓಡಿದರೆ ಡಾಲರಿನ ಸಾವಿರದಲ್ಲಿ ಮೂರರಿಂದ ಐದು ಭಾಗ ಸಿಗುತ್ತದೆ ಅಂತ ಲೆಕ್ಕ ಹೇಳುತ್ತಾರೆ. ನಮ್ಮ ದೇಶದಲ್ಲಿ ಇನ್ನೂ ಕಮ್ಮಿ. ಇರಲಿ, ಧಾರಾಳವಾಗಿ ನಾಲ್ಕಾಣೆ ಅನ್ನೋಣ. ಒಂದು ಪ್ಲೇಟು ಮಾರಿದರೆ, ಅಂಗಡಿಯವರ ಪಾಲು ಕಳೆದು, ನಮ್ಮ ಕೈಗೆ 1,500 ಬರುತ್ತದೆ. ನಾಲ್ಕಾಣೆಯಲ್ಲಿ ಅಷ್ಟು ಸೇರಬೇಕಾದರೆ ಹಾಡು 6,000 ಸಲ ಓಡಬೇಕು. ಅದರ ಮೇಲೆ ಸ್ಪಾಟಿಫೈಯಲ್ಲಿ 2024ರಿಂದ ಹೊಸ ನಿಯಮ: 12 ತಿಂಗಳಲ್ಲಿ 1,000 ಸಲವಾದರೂ ಓಡದ ಹಾಡಿಗೆ ಬಿಡಿಗಾಸೂ ಇಲ್ಲ.

ಹಾಗಂತ ಪ್ಲೇಟಿನಲ್ಲಿ ದುಡ್ಡು ಬಾಚಿದೆವು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ಎಲ್‌ಪಿ ಜಾಸ್ತಿ ಮಾರಾಟವಾಯಿತು, 1987ರ ನಂತರ ಮೊದಲ ಸಲ. ಅದನ್ನು ಓದಿಯೇ ನಮ್ಮ ತಲೆ ಕೆಟ್ಟಿದ್ದು. ಮೂಲ ತಟ್ಟೆ ಕೊರೆಸಿ, ಲೋಹದ ಅಚ್ಚು ತೆಗೆಸಿ, ನೋಡಲು ನಾಲ್ಕು ಪ್ರತಿ ಒತ್ತಿಸುವ ಖರ್ಚು 300ಕ್ಕೂ ಒಂದೇ, 1,000ಕ್ಕೂ ಒಂದೇ. ಹೊರದೇಶದಲ್ಲಿ ಒತ್ತಿಸಿದ್ದಕ್ಕೆ ಸಾಗಣೆ ಬೇರೆ, ಸುಂಕ ಬೇರೆ. ಅಸಲು ಬರಲು 270 ಮಾರಬೇಕು. ನನ್ನ ಮಂಚದ ಕೆಳಗೆ ಇನ್ನೂ 60 ಇವೆ.

"ಪ್ಲೇಟಿನ ಸದ್ದೇ ಬೇರೆ ಬಿಡಿ" ಅಂತ ನನ್ನ ಪರ ನಿಲ್ಲುವವರೂ ಸ್ವಲ್ಪ ತಡೆಯಿರಿ. ಕಂಪ್ಯೂಟರಿನಲ್ಲಿ ಶುಚಿ ಮಾಡಿದ ಫೈಲನ್ನೇ ಪ್ಲೇಟಿಗೆ ಒತ್ತಿದ್ದು. ಎರಡೂ ಒಂದೇ ತಾಯಿಯ ಮಕ್ಕಳು.

ಬೆಲೆ ಎಲ್ಲರೂ ಕೇಳಿದರು. "ಹಾಡಿದವರ ಮನೆಗೆ ಏನು ಕೊಟ್ರಿ?" ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ಲೇಟು ಹೊರಬಂದ 60 ವರ್ಷಕ್ಕೆ ಮುಗಿಯುತ್ತದೆ. ಹಾಡು ಬರೆದವರ ಹಕ್ಕು ಅವರು ತೀರಿಕೊಂಡು 60 ವರ್ಷದ ತನಕ ಇರುತ್ತದೆ. ಒಬ್ಬ ನಾಟಕಕಾರರ ಮನೆಯವರು ಸಿಗದೆ ಎರಡು ಒಳ್ಳೇ ಹಾಡು ಬಿಟ್ಟೆವು. ಹಾಡಿದವರ ಮನೆಗೆ ಮಾತ್ರ ಕಾನೂನಿನ ಪ್ರಕಾರ ಏನೂ ಕೊಡಬೇಕಾಗಿಲ್ಲ.

ಒಬ್ಬ ನಟಿಯ ಹೆಸರು ಲೇಬಲ್ಲಿನ ಮೇಲೆ ಬರೀ "ಮಿಸ್" ಅಂತ, ಮುಂದೆ ಒಂದು ಮುದ್ದಿನ ಹೆಸರು. ಹುಡುಕುತ್ತಾ ಗದಗಿಗೆ ಹೋದಾಗ ಮೊಮ್ಮಗಳು ಸಿಕ್ಕರು, ಅವರಿಗೇ ಎಪ್ಪತ್ತರ ಹತ್ತಿರ. ಅಜ್ಜಿಯ ಪೂರ್ತಿ ಹೆಸರು ಹೇಳಿದರು, ಫೋಟೋ ಕೊಟ್ಟರು. ಕವರಿನ ಮೇಲೆ ಎರಡೂ ಇವೆ. ಒಂದು ಆ್ಯಪಿನಲ್ಲಿ ಮಾತ್ರ ಅದೇ ಹೆಸರಿನ ಬೇರೆ ಯಾವಳೋ ಹುಡುಗಿಯ ಫೋಟೋ ಕೆಳಗೆ ಈ ಅಜ್ಜಿ ಹಾಡುತ್ತಿದ್ದಾರೆ. ಹುಡುಗಿಗೆ ತಂಪು ಕನ್ನಡಕ. ಮೂರು ಸಲ ಮೇಲ್ ಹಾಕಿದೆ, ಉತ್ತರ ಇಲ್ಲ. ನೂರು ವರ್ಷದ ಹಿಂದಿನ ಗಾಯಕಿ ಗೌಹರ್ ಜಾನ್ ಜಾಣೆ. 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿದ್ದನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಗೊತ್ತಾಗಲಿ ಅಂತ ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದರು.

ಗದಗಿನ ಅಮ್ಮನಿಗೆ ಹತ್ತು ಪ್ರತಿ, ಕೈಲಾದಷ್ಟು ದುಡ್ಡು ಕೊಟ್ಟೆವು. ಒಂದನ್ನು ಶೋಕೇಸಿನಲ್ಲಿ ಅಜ್ಜಿ ಕಾಣುವ ಹಾಗೆ ನಿಲ್ಲಿಸಿದರು. "ಇದನ್ನ ಹಚ್ಚೋ ಮಷೀನ್ ನಮ್ಮಲ್ಲಿಲ್ಲರಿ. ಫೋನಿಗೆ ಕಳಸ್ರಿ" ಅಂದರು. ಹನ್ನೆರಡನ್ನೂ ವಾಟ್ಸಾಪ್ ಮಾಡಿದೆ, ಬಿಟ್ಟಿ.

ಹೋದ ವಾರ ಅದರಲ್ಲೊಂದು ತಿರುಗಿ ನನ್ನ ಫೋನಿಗೇ ಬಂತು. ಕಳಿಸಿದ್ದು ಚಿಕ್ಕಪ್ಪ. ಕೆಳಗೆ ಬರೆದಿದ್ದರು: "ಅಪರೂಪದ ಹಾಡು ಕಣೋ, ಎಲ್ಲೂ ಸಿಗಲ್ಲ. ಮಾಡಿಸೋದಾದ್ರೆ ಇಂಥದ್ದನ್ನ ಪ್ಲೇಟು ಮಾಡ್ಸು."